ಮೂರನೆಯ ಒದೆ

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅದು ನನ್ನಮ್ಮ ಪಟ್ಟ ಕಷ್ಟವೇ ಹೊರತು ನನ್ನ ಹೆಚ್ಚುಗಾರಿಕೆಯೇನೂ ಅಲ್ಲ. ಆದರೆ ಹಾಗೆ ಹುಟ್ಟಿದವರು ಒದ್ದರೆ ಸೊಂಟನೋವು ಬಿಟ್ಟುಹೋಗುತ್ತದೆಂಬ ನಂಬಿಕೆಯಿಂದ ಬೀದಿಯವರೆಲ್ಲ ನನ್ನೆದುರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮದುವೆಯಾದ ಮೇಲೆ ಮಾವನವರಿಗಂತೂ ಅದೇ ಹೆಮ್ಮೆ. “ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮನೇಲಿ ಮದ್ದೇ ಸೊಸೆಯಾಗಿ ಬಂದಿದೆ,” ಎಂದು ಬಂದವರಿಗೆಲ್ಲ ಹೇಳುವರು.

ಅತ್ತೆ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಒಂದು ದಿನ ಮಿಷನ್ ತುಳಿಯುತ್ತಿದ್ದಾಗ ಅವರ ಸೊಂಟ ನೋಯತೊಡಗಿ ಎಡಗಾಲು ಜೋಮು ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಒಮ್ಮೆ ಚಪ್ಪಲಿ ಕಳಚಿಬಿದ್ದದ್ದು ತಿಳಿಯದೆ ಬರಿಗಾಲಲ್ಲೇ ಬೀದಿ ದಾಟಿ ಬಂದರು. ಮಾವನವರ ಅಪ್ಪಣೆಯಂತೆ ಎರಡು ಭಾನುವಾರ ಅವರ ಸೊಂಟಕ್ಕೆ ಒದ್ದೆ. ನನ್ನನ್ನು ಮಗಳಂತೆ ಕಂಡ ಜೀವಕ್ಕೆ ಒದ್ದೆ. ಎರಡನೆಯ ಸಲ ಅವರು ಗೋಡೆ ಹಿಡಿದು ಕುಸಿದರು. ಪಾದ ಮೇಲೆತ್ತಲು ಆಗಲಿಲ್ಲ.

“ಇನ್ನೊಂದು ಬಿದ್ರೆ ಸರಿಹೋಗುತ್ತೆ. ಮೂರಕ್ಕೆ ಮುಕ್ತಾಯ,” ಎಂದರು ಮಾವ.

“ನಾನಿನ್ನು ಒದೆಯಲ್ಲ ಮಾವ. ಒಳಗೇನಾಗಿದೆ ಅಂತ ನೋಡದೆ ಕಾಲೆತ್ತಲ್ಲ.”

“ಹಿರಿಯರು ಮಾಡ್ಕೊಂಡು ಬಂದದ್ದು ಸುಳ್ಳಾ?”

“ಎಲ್ಲಿ ಹರಿದಿದೆ ಅಂತ ನೋಡದೆ ಅತ್ತೆ ಒಂದು ಹೊಲಿಗೆನಾದ್ರೂ ಹಾಕಿದ್ದಾರಾ?”

ಅತ್ತೆ ಕೂತಲ್ಲಿಂದಲೇ ಹೇಳಿದರು: “ಅವಳು ಹೇಳೋದು ಸರಿ. ಕರ್ಕೊಂಡು ಹೋಗಮ್ಮ.”

ಆಸ್ಪತ್ರೆಯಲ್ಲಿ ಎಂಆರ್‌ಐ ಸ್ಕ್ಯಾನ್ ಮಾಡುವಾಕೆ ಬಲು ತಾಳ್ಮೆಯವಳು. ಯಂತ್ರ ಕಬ್ಬಿಣವನ್ನು ಸೆಳೆಯುತ್ತದೆಂದು ಅತ್ತೆಯ ಬಟ್ಟೆಯನ್ನೆಲ್ಲ ತಡವಿ ಮರೆತುಹೋದ ಮೂರು ಸೂಜಿ ತೆಗೆದಿಟ್ಟು, ಕೈ ಹಿಡಿದು ಒಳಗೆ ಮಲಗಿಸಿದಳು. ಹೊರಬಂದ ಅತ್ತೆ, “ನನ್ನ ಮಿಷನ್ನಿಗಿಂತ ಇದರ ಗಲಾಟೆನೇ ಜಾಸ್ತಿ,” ಎಂದರು.

ಒದ್ದ ಸಂಗತಿಯನ್ನೆಲ್ಲ ಕೇಳಿದ ಡಾಕ್ಟರು ಚಿತ್ರದ ಮೇಲೆ ಬೆರಳಿಟ್ಟರು. “ಬೆನ್ನಿನ ಮೂಳೆ ಒಂದು ಮುಂದಕ್ಕೆ ಜಾರಿ, ಕಾಲಿಗೆ ಹೋಗೋ ನರಾನ ಅದುಮಿದೆ. ಇನ್ನೊಂದು ಒದೆ ಬಿದ್ದಿದ್ರೆ ಈ ಕಾಲಿನ ಆಸೆ ಬಿಡಬೇಕಾಗಿತ್ತು.”

ನಾನು ಅಲ್ಲೇ ಅತ್ತುಬಿಟ್ಟೆ. ಮಾವ ಚಿತ್ರವನ್ನೇ ನೋಡುತ್ತ ನಿಂತರು.

ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಅತ್ತೆ ಈಗ ನಡೆಯುತ್ತಾರೆ, ಅವರ ಮಿಷನ್ನಿನಲ್ಲಿ ನಾನು ಹಾಕುವ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಾರೆ. ಆ ಕಪ್ಪುಬಿಳುಪು ಚಿತ್ರಕ್ಕೂ ಅದನ್ನು ತೆಗೆದವಳಿಗೂ ನಾನು ಬದುಕಿರುವತನಕ ಋಣಿ.

ಮೊನ್ನೆ ಬೆಳಗ್ಗೆ ಪಕ್ಕದ ಮನೆಯ ಬಡಗಿ ಸೊಂಟ ಹಿಡಿದುಕೊಂಡು ಬಂದ. “ಒಂದು ಒದೆ ಕೊಡಮ್ಮ.”

ನಾನು ಬಾಯಿ ತೆರೆಯುವ ಮೊದಲೇ ಮಾವ ಎದ್ದು ಅಂಗಿ ತೊಟ್ಟರು.

“ನಡಿ, ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ. ಒದೆಸಿ ಒದೆಸಿ ನನ್ನ ಹೆಂಡತಿ ಕಾಲು ಕಳೀತಿದ್ದೆ ಕಣಯ್ಯ. ಒದೆಯಲ್ಲ ಅಂತ ಸೊಸೆ ಹಟ ಹಿಡಿದದ್ದಕ್ಕೆ ಉಳೀತು.”