ಛತ್ರದಲ್ಲಿ ಉಳಿದವರು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಮೇಲಿನ ಅಂತಸ್ತುಗಳಲ್ಲಿ ಜನ ಹುಟ್ಟುತ್ತಿದ್ದರು, ಸಾಯುತ್ತಿದ್ದರು, ಬೆವರುತ್ತಿದ್ದರು, ವಾಂತಿ ಮಾಡುತ್ತಿದ್ದರು. ಅದೆಲ್ಲದರ ಗುರುತು ಹೊತ್ತ ಚಾದರಗಳು ಗೋಡೆಯೊಳಗಿನ ತಗಡಿನ ಕೊಳವೆಯಲ್ಲಿ ಜಾರಿ ಕೆಳಗೆ ದೊಪ್ಪನೆ ಬೀಳುತ್ತಿದ್ದವು. ಕೆಳಗಿನ ಏಳು ಜನ ಅವನ್ನು ಬೆಳ್ಳಗೆ ಮಾಡಿ ಮೇಲೆ ಕಳಿಸುತ್ತಿದ್ದರು. ಮೇಲಿನ ದೊಡ್ಡವರಿಗೆ ಈ ಬಿಳುಪು ಎಲ್ಲಿಂದ ಬರುತ್ತದೆ ಎಂದು ಕೇಳುವ ಪುರುಸೊತ್ತು ಇರಲಿಲ್ಲ. ಬಿಳಿ ಬಟ್ಟೆ ಹುಟ್ಟಿದ್ದೇ ಬಿಳಿಯಾಗಿ ಎಂದು ನಂಬಿದ್ದವರು ಅವರು.

ಇಸ್ತ್ರಿ ಕೋಣೆಯ ಪಕ್ಕದಲ್ಲಿ ಇವರು ಊಟಕ್ಕೆ ಕೂರುವ ಒಂದು ಇಕ್ಕಟ್ಟಾದ ಕೋಣೆ. ಒಂದು ಬೆಂಚು, ಬಿಸಿನೀರಿನ ಕೊಳವೆ, ರೋಗಿಗಳ ಕಡೆಯವರು ಕಾಯುವ ಕೋಣೆಯಿಂದ ತಳ್ಳಿಬಿಟ್ಟ ಒಂದು ಟೀವಿ. ಟೀವಿಯ ಕೆಳಗೆ ಹಳೇ ಗೇಮ್ ಪೆಟ್ಟಿಗೆ. ಮಕ್ಕಳ ವಾರ್ಡಿಗೆ ಹೊಸದು ಬಂದಾಗ ಹಳೆಯದನ್ನು ಯಾರೋ ಕಸದ ಗಾಡಿಗೆ ಎಸೆದಿದ್ದರು. ಬಟ್ಟೆ ಗಾಡಿ ತಳ್ಳುವ ಭಾವ-ಮೈದುನ ಇಬ್ಬರೂ ಅದನ್ನು ಕೊಳೆ ಚಾದರದಲ್ಲಿ ಸುತ್ತಿ, ಹೆರಿಗೆ ವಾರ್ಡಿನ ಕೂಸನ್ನು ತರುವ ಹಾಗೆ ಎದೆಗವಚಿಕೊಂಡು ತಂದಿದ್ದರು.

ಪೆಟ್ಟಿಗೆಯ ಜತೆ ಮೂರು ಆಟದ ಸೀಡಿ ಬಂದಿದ್ದವು. ಮೂರೂ ಕಥೆಯ ಆಟಗಳೇ, ಪಾತ್ರಗಳನ್ನು ಕಟ್ಟಿಕೊಂಡು ಊರೂರು ತಿರುಗುತ್ತಾ ಅವರನ್ನು ಬೆಳೆಸುವಂಥವು. ಒಂದರಲ್ಲಿ ನಾಯಕ ಬಾಯಿಯನ್ನೇ ಬಿಡುತ್ತಿರಲಿಲ್ಲ. ಒಣಗಿಸುವ ಯಂತ್ರದ ಮುಂದೆ ದಿನವಿಡೀ ಮಾತಾಡುವ ಹೆಂಗಸನ್ನು ಎಲ್ಲರೂ ಗಾಳಿ ಎಂದೇ ಕರೆಯುತ್ತಿದ್ದರು. ಅವಳಿಗೆ ಈ ಮೂಕ ನಾಯಕನನ್ನು ಸಹಿಸಲಾಗಲಿಲ್ಲ. "ಇವನೇನು ನನ್ನ ಗಂಡನಾ? ಕೇಳಿದ್ದಕ್ಕೆಲ್ಲ ಬರೀ ತಲೆ ಆಡಿಸ್ತಾನೆ." ಇನ್ನೊಂದರಲ್ಲಿ ನೋಟ ಚೆಂದ, ಆದರೆ ಯುದ್ಧ ತಾನೇ ನಡೆದು ತಾನೇ ಮುಗಿಯುತ್ತಿತ್ತು. ಕೊನೆಗೆ ಉಳಿದದ್ದು 'ಏಳು ದಾರಿಯವರು'. ಅದರಲ್ಲಿ ಏಳು ವೀರರು. ಅವರಿಗೆ ಬೇಕಾದ ಹೆಸರಿಡಬಹುದು. ಇಲ್ಲೂ ಏಳು ಜನ. ಇನ್ನೇನು ಬೇಕು?

ಕತ್ತಿ ಹಿಡಿದವಳಿಗೆ ಇಸ್ತ್ರಿಯಕ್ಕನ ಹೆಸರು. ದೊಡ್ಡ ಉರುಳೆಯ ಇಸ್ತ್ರಿ ಯಂತ್ರ ನಡೆಸುವವಳು ಅವಳು, ಪಾಳಿಗೆ ಮುಖ್ಯಸ್ಥೆಯೂ ಅವಳೇ. ಈಟಿಯವನಿಗೆ ಉದ್ದಣ್ಣನ ಹೆಸರು. ಒಗೆಯುವ ಡ್ರಮ್ಮಿನ ತಳಕ್ಕೆ ಕೈ ಎಟುಕುವುದು ಅವನೊಬ್ಬನಿಗೇ. ಕಳ್ಳಿಗೆ ಗಾಳಿ, ಬಿಲ್ಲಿನವಳಿಗೆ ಚಾದರದ ಅಂಚು ಹೊಲಿಯುವ ಹೊಲಿಗೆಯವಳು, ಗದೆಯ ಜೋಡಿಗೆ ಭಾವ ಮತ್ತು ಮೈದುನ. ಗಾಯ ವಾಸಿ ಮಾಡುವ ಬಿಳಿ ನಿಲುವಂಗಿಯವಳಿಗೆ ದೊಡ್ಡಮ್ಮ. ಚಾದರ ಮಡಚಿ ಮಡಚಿ ದೊಡ್ಡಮ್ಮನ ಬೆರಳ ಗಂಟುಗಳು ಊದಿಕೊಂಡಿದ್ದವು, ಆಟದ ಗುಂಡಿ ಒತ್ತಲಾಗುತ್ತಿರಲಿಲ್ಲ. ಅವಳು ಹೇಳುತ್ತಿದ್ದಳು, ಬೇರೆಯವರು ಒತ್ತುತ್ತಿದ್ದರು.

ಆಟದಲ್ಲಿ ಒಂದು ಸಲಕ್ಕೆ ನಾಲ್ಕೇ ಜನ ಹೊರಡಬಹುದು, ಮೂವರು ಛತ್ರದಲ್ಲಿ ಉಳಿಯಬೇಕು. ಹೋದವರಿಗೆ ಮಾತ್ರ ಅನುಭವ, ಅನುಭವದಿಂದ ಬಲ. ಆಡಬಲ್ಲವರು ಯಾರಾದರೂ ಗಟ್ಟಿ ನಾಲ್ವರನ್ನು ಹಿಡಿದು ಅವರನ್ನೇ ಬೆಳೆಸುತ್ತಾರೆ. ಇವರು ಹಾಗೆ ಮಾಡಲಿಲ್ಲ. ಪಾಳಿ ಹಾಕಿದರು! ನಿನ್ನೆ ಹೋದವನಿಗೆ ಇವತ್ತು ರಜೆ, ನಿನ್ನೆ ಕೂತವಳಿಗೆ ಇವತ್ತು ಕೆಲಸ. "ಅವನು ಹತ್ತು ರಾಕ್ಷಸರನ್ನ ಕೊಂದಿದ್ದಾನೆ, ಇವತ್ತು ವಾರದ ರಜೆ ಕೊಡ್ರೋ," ಎಂದು ಉದ್ದಣ್ಣ ಗಂಭೀರವಾಗಿಯೇ ಹೇಳುತ್ತಿದ್ದ. ಕೈಗೆ ಚಿನ್ನ ಬಂದರೆ ಮೊದಲು ಎಲ್ಲರಿಗೂ ಹೊಸ ಬಟ್ಟೆ, ಆಮೇಲೆ ಕತ್ತಿ. ಹೀಗಾಗಿ ಏಳೂ ಜನ ಚೆನ್ನಾಗಿ ಉಟ್ಟು ತೊಟ್ಟು, ಒಂದೇ ಸಮನಾಗಿ ಮೆತ್ತಗೆ ಬೆಳೆದರು. ಅಂದಿನ ಪಾಳಿಯ ನಾಲ್ವರು ಕೊನೆಯ ಕೋಟೆಯ ಡ್ರಾಗನ್ನಿನ ಮುಂದೆ ನಿಂತರು. ಡ್ರಾಗನ್ ಒಂದು ಸಲ ಉಸಿರು ಬಿಟ್ಟಿತು. ಎಲ್ಲರೂ ಬೂದಿ. ಮರುದಿನವೂ ಬೂದಿ, ಅದರ ಮರುದಿನವೂ ಬೂದಿ.

ಆ ಸೋಮವಾರ ಮ್ಯಾನೇಜರು ಇಸ್ತ್ರಿಯಕ್ಕನನ್ನು ಮೇಲೆ ಕರೆಸಿದರು. ತಣ್ಣನೆಯ ಕೋಣೆ. ಅವಳ ಒದ್ದೆ ಕುತ್ತಿಗೆಗೆ ಗಾಳಿ ತಾಗಿ ಮೈ ಜುಮ್ಮೆಂದಿತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಒಳ್ಳೇ ಸುದ್ದಿ. ಹೊಸ ಯಂತ್ರ ಬರ್ತಿದೆ. ಈ ಕಡೆ ಒದ್ದೆ ಚಾದರ ಕೊಟ್ರೆ ಆ ಕಡೆ ಮಡಚಿಕೊಂಡೇ ಬರುತ್ತೆ."

"ಒಳ್ಳೇದಾಯ್ತು ಸಾರ್. ದೊಡ್ಡಮ್ಮನ ಬೆರಳಿಗೆ ಸ್ವಲ್ಪ ಆರಾಮ ಸಿಗುತ್ತೆ."

ಮ್ಯಾನೇಜರು ನಕ್ಕರು. "ಪೂರ್ತಿ ಆರಾಮಾನೇ ಸಿಗುತ್ತೆ. ಇನ್ಮೇಲೆ ಕೆಳಗೆ ನಾಲ್ಕು ಜನ ಸಾಕು. ಯಾರು ಚುರುಕು, ಯಾರು ಅಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶುಕ್ರವಾರ ಆಡಳಿತ ಮಂಡಳಿ ಸಭೆ. ಅಷ್ಟರೊಳಗೆ ನಾಲ್ಕು ಹೆಸರು ಕೊಡಿ. ನೀವಂತೂ ಇದ್ದೇ ಇರ್ತೀರಿ, ಹೆದರ್ಕೋಬೇಡಿ."

ಜನರನ್ನು ಕತ್ತರಿಸುವವರು ಕತ್ತರಿಯನ್ನು ತಾವು ಹಿಡಿಯುವುದಿಲ್ಲ. ಕತ್ತರಿಸಿಕೊಳ್ಳುವವರ ಪೈಕಿಯೇ ಒಬ್ಬರ ಕೈಗೆ ಕೊಡುತ್ತಾರೆ, ಕೊಟ್ಟು ಅದಕ್ಕೆ ನಂಬಿಕೆ ಎಂದು ಹೆಸರಿಡುತ್ತಾರೆ. ಇಸ್ತ್ರಿಯಕ್ಕ "ಆಯ್ತು ಸಾರ್" ಎಂದು ಎದ್ದಳು. ಕೆಳಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ಮಂಗಳವಾರ ಊಟದ ಹೊತ್ತಿಗೆ ಅವಳ ತಮ್ಮ ಬಂದ. ಹಳೇ ರೇಡಿಯೊ, ಟೀವಿ, ಗೇಮ್ ಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ ಅವನದು. ಗುಂಡಿಗಳಿರುವ ಆಟದ ಹಿಡಿಯ ವೈರು ಕಿತ್ತಿತ್ತು, ಅಕ್ಕನೇ ಕರೆಸಿದ್ದಳು. ವೈರು ಸೇರಿಸಿ, ಪೆಟ್ಟಿಗೆ ಹಚ್ಚಿ, ಏಳು ಜನರ ಬಲ ನೋಡಿದವನೇ ಹಣೆ ಚಚ್ಚಿಕೊಂಡ.

"ಅಯ್ಯೋ ಅಕ್ಕಾ! ಈ ಪೆಟ್ಟಿಗೆಗೆ ಬಂದ ಕಥೆ ಆಟಗಳಲ್ಲೆಲ್ಲ ಇದೇ ಬೆಸ್ಟು. ಇದನ್ನ ಹುಡುಕ್ಕೊಂಡು ಜನ ನನ್ನ ಅಂಗಡಿಗೆ ಎಲ್ಲೆಲ್ಲಿಂದಲೋ ಬರ್ತಾರೆ. ನೀವು ನೋಡಿದ್ರೆ ಸಹಕಾರ ಸಂಘದ ಥರ ಆಡಿದ್ದೀರಲ್ಲ!"

"ಯಾಕಪ್ಪಾ, ಏನು ತಪ್ಪಾಯ್ತು?" ಉದ್ದಣ್ಣ ಕೇಳಿದ.

"ನಾಲ್ಕು ಜನರನ್ನ ಇಟ್ಕೊಳ್ಳಿ. ಕತ್ತಿ, ಈಟಿ, ಕಳ್ಳಿ, ಒಬ್ಬ ಗದೆಯವನು. ಉಳಿದವರನ್ನ ಛತ್ರಕ್ಕೆ ತಳ್ಳಿ. ಇರೋ ಅನುಭವ ಎಲ್ಲ ಆ ನಾಲ್ವರಿಗೇ."

"ಮತ್ತೆ ಗಾಯ ಆದ್ರೆ?"

"ಅಂಗಡೀಲಿ ಔಷಧಿ ಸಿಗುತ್ತೆ, ಬಾಟಲಿ ತಗೊಳ್ಳಿ. ಅದಕ್ಕೆ ಈ ದೊಡ್ಡಮ್ಮನ್ನ ಹೊತ್ಕೊಂಡು ತಿರುಗಬೇಕಾ? ದಂಡ."

ಬೆಂಚಿನ ತುದಿಯಲ್ಲಿ ಕೂತ ದೊಡ್ಡಮ್ಮ ಕಣ್ಣು ಪಿಳುಕಿಸಿದಳು. "ಯಾವ ದೊಡ್ಡಮ್ಮ ಮಗಾ? ಒಳಗಿನವಳೋ ಹೊರಗಿನವಳೋ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ತಮ್ಮನ ಮುಖ ಕೆಂಪಾಯಿತು. ಇಸ್ತ್ರಿಯಕ್ಕನೊಬ್ಬಳು ನಗಲಿಲ್ಲ.

ಅಂದಿನಿಂದ ಆಟದ ಹಿಡಿ ಅವಳ ಕೈ ಬಿಡಲಿಲ್ಲ. ಹಳೆಯ ಆಟವನ್ನು ಇದ್ದ ಹಾಗೇ ಪೆಟ್ಟಿಗೆಯ ನೆನಪಿನಲ್ಲಿ ಒಂದು ಕಡೆ ಉಳಿಸಿಟ್ಟು, ಅದರದೇ ಇನ್ನೊಂದು ಪ್ರತಿಯನ್ನು ಬೇರೆಯಾಗಿ ಮುಂದುವರಿಸುತ್ತಾ ಹೋದಳು. ತಾನು, ಉದ್ದಣ್ಣ, ಗಾಳಿ, ಭಾವ. ಮಿಕ್ಕ ಮೂವರು ಛತ್ರಕ್ಕೆ. ಅದೇ ನಾಲ್ಕು ಹೆಸರು ಅವಳ ತಲೆಯಲ್ಲೂ ಕೂತಿತ್ತು. ಉದ್ದಣ್ಣನಿಲ್ಲದೆ ಡ್ರಮ್ ತುಂಬುವುದಿಲ್ಲ. ಗಾಳಿ ಎಷ್ಟು ಮಾತಾಡಿದರೂ ಕೈ ನಿಲ್ಲಿಸುವವಳಲ್ಲ. ಗಾಡಿ ತಳ್ಳಲು ಒಬ್ಬ ಸಾಕು, ಭಾವನೇ ಗಟ್ಟಿ. ಹೊಸ ಚಾದರಗಳು ಅಂಚು ಹೊಲಿದೇ ಬರುತ್ತವಂತೆ, ಹೊಲಿಗೆಯವಳಿಗೆ ಕೆಲಸವಿಲ್ಲ. ದೊಡ್ಡಮ್ಮ... ಅಲ್ಲಿಗೆ ಬಂದಾಗ ಲೆಕ್ಕ ನಿಲ್ಲಿಸಿ ಅವಳು ಒಂದು ರಾಕ್ಷಸನನ್ನು ಕೊಲ್ಲುತ್ತಿದ್ದಳು.

ನಾಲ್ವರೂ ಬೆಳೆದರು, ಬೆಳೆದ ಪರಿಗೆ ಎಲ್ಲರೂ ಮರುಳಾದರು. ಒಂದೇ ಏಟಿಗೆ ಬಾಗಿಲು ಒಡೆಯುವ ಈಟಿ ನೋಡಿ ಉದ್ದಣ್ಣ ತನ್ನ ನಿಜವಾದ ತೋಳನ್ನೇ ಸವರಿಕೊಂಡ. ಮೈದುನ ಮಾತ್ರ ಒಮ್ಮೆ ಗೊಣಗಿದ. "ಭಾವಂಗೆ ಬೆಳ್ಳಿ ಗದೆ, ನಂಗೆ ಛತ್ರದ ಚಾಪೆ. ನಮ್ಮಕ್ಕನ ಗಂಡನ ಮನೆಯವರದ್ದು ಯಾವಾಗ್ಲೂ ಇದೇ ನ್ಯಾಯ."

"ಮಲಗೋದು ಬಿಟ್ಟು ಬೇರೆ ಏನು ಬರುತ್ತೆ ನಿಂಗೆ?" ಎಂದು ಭಾವ ಅವನ ತಲೆಗೆ ಮೊಟಕಿದ.

ಗುರುವಾರ ಡ್ರಾಗನ್ ಉಸಿರು ಬಿಟ್ಟಿತು, ನಾಲ್ವರೂ ನಿಂತೇ ಇದ್ದರು. ಎರಡನೇ ಉಸಿರಿಗೆ ಗಾಳಿ ಕಿರುಚಿದಳು. ಇಸ್ತ್ರಿಯಕ್ಕ ಬಾಟಲಿಯ ಮೇಲೆ ಬಾಟಲಿ ಸುರಿದು, ಕತ್ತಿಯಿಂದ ಏಟಿನ ಮೇಲೆ ಏಟು ಹಾಕಿದಳು. ಡ್ರಾಗನ್ ಮೊಣಕಾಲೂರಿ, ಬೆಳಕಾಗಿ ಕರಗಿತು. ಬೆಂಚು ಹಿಂದಕ್ಕೆ ಬಿತ್ತು, ಉದ್ದಣ್ಣ ಕುಣಿದಾಡಿ ತಲೆಯನ್ನು ಕೊಳವೆಗೆ ಬಡಿಸಿಕೊಂಡ. ಆಮೇಲೆ ಕೊನೆಯ ಹಾಡು ಶುರುವಾಯಿತು.

ವೀರರು ಮನೆಗೆ ಹೋಗುವ ಚಿತ್ರ. ಕತ್ತಿಯವಳು ತನ್ನ ಹಳ್ಳಿಗೆ ಹೋದಳು, ಯಾರೋ ಓಡಿ ಬಂದು ಅಪ್ಪಿಕೊಂಡರು. ಈಟಿಯವನು ಹೊಲದಲ್ಲಿ ನಿಂತ. ಕಳ್ಳಿ ಒಂದು ಹಡಗನ್ನೇರಿದಳು. ಗದೆಯವನ ಮನೆಯ ಬಾಗಿಲು ತೆರೆಯಿತು. ನಾಲ್ವರದ್ದೂ ಮುಗಿದ ಮೇಲೆ ಚಿತ್ರ ಒಂದು ಗಳಿಗೆ ಛತ್ರದ ಕಿಟಕಿಯ ಮೇಲೆ ನಿಂತಿತು. ಒಳಗೆ ದೀಪ. ಮಂಚಗಳ ಅಂಚಿನಲ್ಲಿ ಮೂವರು ಕೂತಿದ್ದರು, ನಾಲ್ವರು ಹೊರಟಾಗ ಹೇಗಿದ್ದರೋ ಹಾಗೇ. ಆಟ ತಯಾರಿಸಿದವರಿಗೆ ಈ ಮೂವರಿಗೂ ಒಂದು ಮನೆ ಬರೆಯಬೇಕು ಎಂದು ಹೊಳೆದೇ ಇರಲಿಲ್ಲ. ಹಾಡು ನಿಂತಿತು. ಪರದೆ ಕಪ್ಪಾಯಿತು.

ಹೊಲಿಗೆಯವಳು ಬಿದ್ದ ಬೆಂಚನ್ನು ಎತ್ತಿ ನಿಲ್ಲಿಸಿದಳು.

"ನಮ್ಮವಳು ಇನ್ನೂ ಅಲ್ಲೇ ಕೂತಿದ್ದಾಳಲ್ಲೇ," ದೊಡ್ಡಮ್ಮ ಅಂದಳು. ಸಿಟ್ಟಿನಿಂದ ಅಲ್ಲ, ಬಸ್ಸು ತಪ್ಪಿದವರನ್ನು ಕಂಡು ಅನ್ನುವ ಹಾಗೆ. "ಗೆದ್ದಾಯ್ತು ಅಂತ ಯಾರಾದ್ರೂ ಹೋಗಿ ಅವಳಿಗೆ ಹೇಳಬಾರದಾ?"

ಇಸ್ತ್ರಿಯಕ್ಕ ಆಟದ ಹಿಡಿಯನ್ನು ಬೆಂಚಿನ ಮೇಲಿಟ್ಟಳು. ಸೋಮವಾರದಿಂದ ಹೊಟ್ಟೆಯೊಳಗಿಟ್ಟದ್ದನ್ನೆಲ್ಲ ಅವಳು ಆ ಬಿಸಿ ಕೋಣೆಯಲ್ಲಿ ಹೊರಗೆ ಹಾಕಿದಳು. ಹೊಸ ಯಂತ್ರ, ನಾಲ್ಕು ಹೆಸರು, ಶುಕ್ರವಾರ. ಆ ನಾಲ್ಕು ಯಾರು ಎಂದು ಅವಳು ಹೇಳಲಿಲ್ಲ, ಅವರೂ ಕೇಳಲಿಲ್ಲ. ವಾರವಿಡೀ ಪರದೆಯ ಮೇಲೆ ನೋಡಿದ್ದರು.

ಮೊದಲು ಬಾಯಿ ಬಿಟ್ಟವನು ಭಾವ. "ನಾನು ಒಳಗೆ, ನನ್ನ ಮೈದುನ ಹೊರಗಾ? ಮನೆಗೆ ಹೋಗಿ ಹೆಂಡ್ತಿಗೆ ಯಾವ ಮುಖ ತೋರಿಸ್ಲಿ ಅಕ್ಕಾ?"

"ನಂದು ಬಿಡ್ರೋ," ದೊಡ್ಡಮ್ಮ ಅಂದಳು. "ಕೈ ಹೋಗಿದೆ. ನಾನು ಮನೇಲಿ ಕೂರ್ತೀನಿ."

"ಕೈ ಎಲ್ಲಿ ಹೋಯ್ತು ದೊಡ್ಡಮ್ಮಾ?" ಇಸ್ತ್ರಿಯಕ್ಕ ಕೆರಳಿದಳು. "ಮನೇಲಿ ಇಟ್ಟು ಮರೆತು ಬಂದ್ಯಾ? ಇವರ ಚಾದರ ಮಡಚಿ ಮಡಚಿ ಹೋಯ್ತು. ಕೈ ತಿಂದವರು ಅವರು, ಮನೇಲಿ ಕೂರೋಳು ನೀನಾ?"

ಆಗ ಉದ್ದಣ್ಣ ನಿಧಾನಕ್ಕೆ ಕೇಳಿದ. "ನಾಲ್ಕು ಜನರ ಕೆಲಸ ಇದೆ ಅಂದ್ರಲ್ಲ. ಏಳು ಜನ ಪಾಳಿ ಹಾಕ್ಕೊಂಡ್ರೆ? ನಾವು ಮೊದಲು ಆಡ್ತಿದ್ದೆವಲ್ಲ, ಹಾಗೆ."

"ಸಂಬಳ ಕಡಿಮೆ ಆಗುತ್ತೆ," ಹೊಲಿಗೆಯವಳು ಎಚ್ಚರಿಸಿದಳು.

"ಆಗುತ್ತೆ," ಉದ್ದಣ್ಣ ಒಪ್ಪಿಕೊಂಡ. ಯಾರೂ ಅದನ್ನು ಚಿಕ್ಕ ಮಾತೆಂದು ತಳ್ಳಿಹಾಕಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಒಲೆಯನ್ನು ಮನಸ್ಸಿನಲ್ಲೇ ಹಚ್ಚಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ತಲೆ ಆಡಿಸಿದರು, ಕೊನೆಗೆ ಗಾಳಿಯೂ.

ಶುಕ್ರವಾರ ಬೆಳಿಗ್ಗೆ ಇಸ್ತ್ರಿಯಕ್ಕ ಮೇಲೆ ಹೋಗಿ ಏಳು ಹೆಸರು ಹೇಳಿದಳು. ಮ್ಯಾನೇಜರಿಗೆ ತಮಾಷೆ ಅನ್ನಿಸಿತು. ಪಾಳಿಯ ಮಾತು ಬಂದಾಗ ತಮಾಷೆ ಹೋಯಿತು. "ಇದು ಆಸ್ಪತ್ರೆ ಕಣಮ್ಮಾ, ಛತ್ರ ಅಲ್ಲ. ನೀವು ಆರಿಸದಿದ್ರೆ ನಾನು ಆರಿಸ್ತೀನಿ. ಆಗ ನಿಮ್ಮ ಹೆಸರು ಇರುತ್ತೆ ಅಂತ ಹೇಳಕ್ಕಾಗಲ್ಲ."

"ಆರಿಸಿ ಸಾರ್. ನಿಮ್ಮ ಕೈಯಿಂದಲೇ ಆರಿಸಿ. ಕೆಳಗೆ ಬಂದು, ನಮ್ಮ ಮುಖ ನೋಡಿ ಹೇಳಿ. ನನ್ನ ಕೈ ಇದಕ್ಕೆ ಸಿಗಲ್ಲ."

ಅಂದು ಕೆಳಗೆ ಕೆಲಸ ನಿಲ್ಲಲಿಲ್ಲ. ಆಪರೇಷನ್ ಕೋಣೆಯ ಹಸಿರು ಬಟ್ಟೆ ಹೋಯಿತು, ಹೆರಿಗೆ ವಾರ್ಡಿನದ್ದು ಹೋಯಿತು, ಮಕ್ಕಳ ವಾರ್ಡಿನದ್ದು ಎಂದಿಗಿಂತ ಬೇಗ ಹೋಯಿತು. ರೋಗಿಗಳ ಜತೆ ಅವರಿಗೇನೂ ಜಗಳವಿರಲಿಲ್ಲ. ಆಡಳಿತ ಮಂಡಳಿಯ ಸಭೆಗೆಂದು ಬಂದ ಮೇಜಿನ ಬಟ್ಟೆ, ಕುರ್ಚಿಯ ಹೊದಿಕೆ, ಕಿಟಕಿಯ ಪರದೆಗಳು ಮಾತ್ರ ಒದ್ದೆಯಾಗಿ, ಮುದ್ದೆಯಾಗಿ ಗಾಡಿಯಲ್ಲೇ ಕೂತಿದ್ದವು. ಏಳು ಜನ ಊಟದ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು, ಇಸ್ತ್ರಿಯಕ್ಕ ಮೊದಲೇ ಉಳಿಸಿಟ್ಟಿದ್ದ ಹಳೆಯ ಆಟ ಹಚ್ಚಿಕೊಂಡು ಕೂತರು. ಅದರಲ್ಲಿ ಏಳು ವೀರರೂ ಹಳೆಯ ಹಾಗೇ ಇದ್ದರು.

ಮ್ಯಾನೇಜರು ಇಳಿದು ಬಂದರು. ಆ ಮೆಟ್ಟಿಲನ್ನು ಅವರು ಎಂದೂ ಇಳಿದವರಲ್ಲ, ಬಿಸಿಗೆ ಕನ್ನಡಕ ಮಬ್ಬಾಯಿತು. ಕೈಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. "ಅಧ್ಯಕ್ಷರು ಬಂದಾಯ್ತು! ಮೇಜಿನ ಮೇಲೆ ಏನೂ ಇಲ್ಲ. ಪರದೆ ಇಲ್ಲದೆ ಬಿಸಿಲು ನೇರ ಕಣ್ಣಿಗೆ ಹೊಡೀತಿದೆ!"

"ಬಿಸಿಲು ಒಳ್ಳೇದು ಸಾರ್," ಗಾಳಿ ಅಂದಳು. "ನಾವು ನೋಡಿ ತುಂಬ ದಿನ ಆಯ್ತು."

ಕನ್ನಡಕ ಒರೆಸಿಕೊಳ್ಳದೆ ಅವರಿಗೆ ಮುಂದೆ ಕಾಣುತ್ತಿರಲಿಲ್ಲ. ದೊಡ್ಡಮ್ಮ ಒಂದು ಮಡಚಿದ ಬಿಳಿ ಬಟ್ಟೆ ಚಾಚಿದಳು. ಒರೆಸಿಕೊಂಡು ನೋಡಿದರೆ ಎದುರಿಗೆ ಊದಿದ ಬೆರಳುಗಳು. ಅವರ ಮನಸ್ಸು ಕರಗಿತು ಎಂದರೆ ಸುಳ್ಳಾದೀತು. ಕರಗಿದ್ದು ಸಮಯ. ಮೇಲಿಂದ ಮತ್ತೆ ಫೋನು ಬಂತು.

"ಮೂರು ತಿಂಗಳು," ಅವರು ಹಲ್ಲು ಕಚ್ಚಿ ಹೇಳಿದರು. "ಮೂರು ತಿಂಗಳು ಏಳು ಜನ, ಪಾಳಿ. ಕೆಲಸ ಮಾಡಿದಷ್ಟಕ್ಕೇ ಸಂಬಳ. ಆಮೇಲೆ ನೋಡೋಣ."

"ಈ ಮಾತನ್ನೇ ಮೇಲೆ ಸಭೇಲೂ ಹೇಳಿ ಸಾರ್," ಇಸ್ತ್ರಿಯಕ್ಕ ಎದ್ದಳು. "ಪರದೆ ತಗೊಂಡು ನಾನೂ ಬರ್ತೀನಿ, ಕೇಳಿಸ್ಕೊಳ್ಳೋಕೆ." ಉರುಳೆ ಬಿಸಿಯಾಗಿಯೇ ಇತ್ತು. ಉದ್ದಣ್ಣ ಮತ್ತು ಭಾವ ಪರದೆಯ ಎರಡು ತುದಿ ಹಿಡಿದರು.

ಕೋಣೆಯಲ್ಲಿ ಉಳಿದವರು ಟೀವಿಯತ್ತ ತಿರುಗಿದರು. ಡ್ರಾಗನ್ ಕೋಟೆಯಲ್ಲಿ ಕಾದು ಕೂತಿತ್ತು, ಅದನ್ನು ಈ ಏಳು ಜನ ಗೆಲ್ಲುತ್ತಾರೆಂದು ಯಾರೂ ಆಣೆ ಹಾಕುವ ಹಾಗಿರಲಿಲ್ಲ. ಮೈದುನ ಹಿಡಿ ಎತ್ತಿಕೊಂಡ.

"ಇವತ್ತು ಯಾರ ಪಾಳಿ?"

"ನಂದು," ದೊಡ್ಡಮ್ಮ ಸೆರಗು ಬಿಗಿದು ಮುಂದೆ ಸರಿದು ಕೂತಳು. "ಎಬ್ಬಿಸು ಅವಳನ್ನ. ಎಷ್ಟು ಹೊತ್ತು ಅಂತ ಮಂಚದ ಮೇಲೆ ಕೂರ್ತಾಳೆ?"