ಕೆಂಪು ಬಾಲ

ಚಿಕ್ಕಮ್ಮ ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆಯದೆಯೇ ಹೆಬ್ಬೆರಳಿನಿಂದ ಫೋನನ್ನು ಕುಟ್ಟುತ್ತಿದ್ದಳು. ಒಮ್ಮೆ ಕ್ಯಾಮೆರಾ ತೆರೆಯಿತು, ಇನ್ನೊಮ್ಮೆ ಗಡಿಯಾರ.

"ನನ್ನ ಹಕ್ಕೀನ ಎಲ್ಲಿ ಹಾರಿಸಿಬಿಟ್ಟೆಯೇ, ಮಹಾತಾಯಿ?"

ಬಟ್ಟೆ ತುಂಡುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ ಅಕ್ಕನ ಮಗಳು ತುಟಿ ಕಚ್ಚಿದಳು. ಬ್ರೌಸರಿನ ಗುರುತಾಗಿದ್ದ ಹಳೇ ಹಕ್ಕಿಯನ್ನು ತೆಗೆದು, ನಾಲ್ಕು ತಿಂಗಳು ಕೂತು ಹೊಸದನ್ನು ಬರೆದವಳು ಅವಳೇ. ಅದು ಹೊರಬಿದ್ದು ಹತ್ತು ದಿನ. ಜನ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರು. ಒಬ್ಬ ಅದನ್ನು ಮೊಟ್ಟೆ ಎಂದಿದ್ದ, ಇನ್ನೊಬ್ಬ ತಲೆನೋವಿನ ಮಾತ್ರೆ. ಹೊಸದು ಉಳಿಯಬೇಕೋ ಹಳೆಯದೇ ಮರಳಬೇಕೋ, ನಾಳೆ ಬೆಳಿಗ್ಗೆ ಆಫೀಸಿನಲ್ಲಿ ತೀರ್ಮಾನ.

"ಇದೇ ಚಿಕ್ಕಮ್ಮ, ಎರಡನೇ ಸಾಲಲ್ಲಿ."

"ಇದಾ? ಅಂಗಿ ಗುಂಡಿ ಅಂದ್ಕೊಂಡೆ."

"ಕನ್ನಡಕ ಹಾಕ್ಕೊಂಡು ನೋಡು!"

"ಅದು ಸೂಜಿಗೆ. ಫೋನಿಗೆಲ್ಲ ಯಾರು ಹಾಕ್ಕೋತಾರೆ? ಎಷ್ಟೇ ಮಂಜಾಗಿ ಕಂಡ್ರೂ ಆ ಕೆಂಪು ಬಾಲ ಇತ್ತಲ್ಲ, ಬೆರಳು ತಾನಾಗೇ ಅಲ್ಲಿಗೆ ಹೋಗ್ತಿತ್ತು."

ಅವಳು ಚಿಕ್ಕಮ್ಮನ ಹಣೆಯ ಮೇಲಿದ್ದ ಕನ್ನಡಕ ಕಿತ್ತು ತಾನು ಹಾಕಿಕೊಂಡಳು. ಎಲ್ಲ ಕಲಸಿಹೋಯಿತು. ಫೋನಿನಲ್ಲಿ ಬರೀ ದುಂಡು ದುಂಡು ನೀಲಿ ಚುಕ್ಕೆಗಳು. ನಾಲ್ಕು ತಿಂಗಳ ಹಕ್ಕಿಗೂ ಗಡಿಯಾರಕ್ಕೂ ವ್ಯತ್ಯಾಸವೇ ಇಲ್ಲ. ಆಫೀಸಿನಲ್ಲಿ ಅದನ್ನು ಗೋಡೆಯಗಲಕ್ಕೆ ಹಾಕಿ ಎಲ್ಲರೂ ತಲೆದೂಗಿದ್ದರು. ಉಗುರಿನಷ್ಟಗಲ ಮಾಡಿ, ಮಸುಕುಗಣ್ಣಲ್ಲಿ ನೋಡಿದವರು ಒಬ್ಬರೂ ಇರಲಿಲ್ಲ.

ಕತ್ತರಿ, ಸೀಮೆಸುಣ್ಣ ಪಕ್ಕಕ್ಕೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಕನ್ನಡಕ ತೆಗೆಯದೆಯೇ ಹೊಸ ಹಕ್ಕಿಗೆ ಕೆಂಪು ಬಾಲ ಎಳೆದಳು.

"ಪೊರಕೆ," ಎಂದಳು ಚಿಕ್ಕಮ್ಮ.

ಮತ್ತೆ ಎಳೆದಳು.

"ಇದು ದಾರ."

ಮೂರನೆಯದಕ್ಕೆ ಚಿಕ್ಕಮ್ಮ ತನ್ನ ಫೋನನ್ನು ಮುಂದೆ ಚಾಚಿದಳು. ಆ ಹಕ್ಕಿಯನ್ನು ಅದಕ್ಕೆ ಹಾಕಿಕೊಟ್ಟಾಗ ಹೆಬ್ಬೆರಳು ನೆಟ್ಟಗೆ ಹೋಗಿ ಕೆಂಪಿನ ಮೇಲೆ ಕೂತಿತು. ಹೊಲಿಗೆಗೆಂದು ಅವಳು ಹುಡುಕಿಟ್ಟಿದ್ದ ಅಂಗಿ ಕಾಲರುಗಳ ಚಿತ್ರಗಳು ತೆರೆದುಕೊಂಡವು. ಚಿಕ್ಕಮ್ಮ ಆಗಲೇ ಅವುಗಳಲ್ಲಿ ಮುಳುಗಿದ್ದಳು.

ಅಷ್ಟರಲ್ಲಿ ಆಫೀಸಿನಿಂದ ಸಂದೇಶ ಬಂತು: ದೂರುಗಳು ಇನ್ನೂ ಏರುತ್ತಿವೆ. ಅಕ್ಕನ ಮಗಳ ಮುಖ ಇಳಿಯಿತು.

"ನಾಳೆ ಇದನ್ನ ತೋರಿಸ್ತೀನಿ. ಒಪ್ತಾರೋ ಇಲ್ವೋ ಗೊತ್ತಿಲ್ಲ," ಎಂದಳು. "ನಿನಗ್ಯಾಕೆ ಸುಮ್ನೆ ತೊಂದರೆ? ನಿನ್ನ ಫೋನಿಗೆ ಹಳೇ ಹಕ್ಕೀನೇ ವಾಪಸ್ ಹಾಕಿಕೊಡ್ಲಾ?"

ಚಿಕ್ಕಮ್ಮ ಕೈಚಾಚಿ ತನ್ನ ಕನ್ನಡಕ ಕಿತ್ತುಕೊಂಡಳು. ಯಂತ್ರ ಮತ್ತೆ ಗಡಗಡಿಸಿತು.

"ಬೇಡ."