ಏಳದೆ ಕೂತ ಬೆಳಗು

ಚುಚ್ಚುವುದು ನನ್ನ ಹುಟ್ಟುಗುಣ. ಕರಿ ಕುರಿಯ ಉಣ್ಣೆ, ಮಾಳವ್ವ ಕೈಯಾರೆ ತೆಗೆದ ನೂಲು, ಅವಳ ಗಂಡನ ಮಗ್ಗ. ಕಡೆಗೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹಾಸಿದರು ನೋಡಿ, ಹಲಗೆಯ ಹಾಗೆ ಸೆಟೆದುಕೊಂಡೆ. ಜಾತಿ ಕಂಬಳಿ ಎಂದರೆ ಹಾಗೇ ಇರಬೇಕು. ಮೆತ್ತಗಿರಬೇಕು ಎನ್ನುವವರು ಅಂಗಡಿಯ ರಗ್ಗು ಕೊಳ್ಳಲಿ, ನನ್ನ ತಂಟೆಗೆ ಬರುವುದು ಬೇಡ.

ನನ್ನನ್ನು ಸಂತೆಯಲ್ಲಿ ಕೊಂಡವಳು ರಾಣೆಬೆನ್ನೂರಿನ ಶಂಕ್ರವ್ವ. ಅವಳ ಹಣೆಯ ಮೇಲೆ ಮೂರು ಹೊಲಿಗೆ ಇನ್ನೂ ಹಸಿಯಾಗಿದ್ದವು.

"ಏನಾತಬೇ ಹಣಿಗಿ?" ಎಂದು ಮಾಳವ್ವ ಕೇಳಿದಳು.

"ಬಾಗಲಾ ಬಡೀತು" ಎಂದಳು ಶಂಕ್ರವ್ವ.

ಆ ಬಾಗಿಲಿನ ಹೆಸರು ಗುರುಶಿದ್ದಪ್ಪ ಎಂಬುದು ಮನೆಗೆ ಹೋದ ಮೇಲೆ ನನಗೆ ತಿಳಿಯಿತು. ಅವಳ ಗಂಡ. ಬಸ್ಸಿನ ಡ್ರೈವರು. ಮನುಷ್ಯ ಕೆಟ್ಟವನಲ್ಲ, ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲೇ. ರೊಟ್ಟಿ ಆರಿದೆ ಎಂದು ತಾಟು ಬೀಸಿ ಒಗೆದಿದ್ದ. ಒಗೆದ ಮೇಲೆ ಅವಳಿಗಿಂತ ಹೆಚ್ಚು ಅತ್ತವನೂ ಅವನೇ ಅಂತೆ. ಅತ್ತರೇನು ಬಂತು? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಶಂಕ್ರವ್ವ ಅವನನ್ನು ಹಾಲಪ್ಪ ಮಾಸ್ತರರ ಹತ್ತಿರ ಎಳೆದುಕೊಂಡು ಹೋದಳು. ಪಿಂಚಣಿ ಬಂದ ಮೇಲೆ ಊರವರಿಗೆ ಧ್ಯಾನ ಕಲಿಸುತ್ತಿದ್ದ ಮಾಸ್ತರರು ಅವರು. ನಾನೂ ಗುರುಶಿದ್ದಪ್ಪನ ಬಗಲಲ್ಲಿದ್ದೆ.

"ನೋಡ್ರಿ ಡ್ರೈವರ್ರ, ಬೆಳಿಗ್ಗೆ ಐದೂವರಿಗೆ ಅರ್ಧ ತಾಸು ಕುಂದ್ರಬೇಕು. ಬರೂ ಉಸರು, ಹೋಗೂ ಉಸರು, ಅಷ್ಟ ನೋಡಬೇಕು. ನಲವತ್ತೆಂಟು ದಿನ. ನಡುವ ಒಂದು ದಿನ ತಪ್ಪಿದ್ರ ಮತ್ತ ಒಂದರಿಂದ. ಮನಸ್ಸು ನಿಮ್ಮನ್ನ ಎಬ್ಬಸಾಕ ನೂರು ನೆವ ಹೇಳತೈತಿ. ಏನ ಆದ್ರೂ ಏಳಬ್ಯಾಡ್ರಿ" ಎಂದರು ಮಾಸ್ತರರು.

ಶುರುವಾಯಿತಪ್ಪ ನನ್ನ ಪಾಡು. ಮೊದಲ ದಿನ ನನ್ನನ್ನು ಹಾಸಿಕೊಂಡು ನೆಟ್ಟಗೆ ಕೂತ. ಎರಡನೆಯ ದಿನ ನಾನು ಚುಚ್ಚುತ್ತೇನೆ ಎಂದು ಗೊಣಗಿದ. ಕಂಬಳಿಯ ಮೇಲೆ ಬುತ್ತಿ ಬಿಚ್ಚಿ ಕೂದಲು ಬಂತು ಎಂದರೆ ಹೇಗೆ? ಮೂರನೆಯ ದಿನ ಕೂತಲ್ಲೇ ಗೊರಕೆ ಹೊಡೆದ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಪೆನ್ಸಿಲ್ ಗೀಟು ಎಳೆಯುತ್ತಿದ್ದ. ಒಂಬತ್ತಕ್ಕೆ ಬರುವಷ್ಟರಲ್ಲಿ ಮಲಗೇ ಬಿಟ್ಟ. ಮತ್ತೆ ಒಂದು. ಹದಿಮೂರಕ್ಕೆ ಅಕ್ಕಿಆಲೂರಿನ ಮದುವೆ. ಮತ್ತೆ ಒಂದು. ಒಂದು ಸಲ ಇಪ್ಪತ್ತೊಂದಕ್ಕೆ ಮುಟ್ಟಿದ್ದ, ಯುಗಾದಿಯ ದಿನ ಬಸ್ಸಿನಲ್ಲೇ ಬೆಳಗಾಯಿತು. ಆರಂಭಶೂರ ಎಂದು ನಾನು ನಗುತ್ತಿದ್ದೆ. ಆದರೆ ಅವನ ತೊಡೆ ನಡುಗುವುದು ನನಗೆ ಗೊತ್ತಾಗುತ್ತಿತ್ತು. ಅರ್ಧ ತಾಸು ತನ್ನ ಜೊತೆ ತಾನೇ ಕೂರಲು ಆ ಗಂಡಸು ಹೆದರುತ್ತಿದ್ದ.

ಹೀಗೇ ಎರಡು ವರ್ಷ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮಿಕ್ಸರ್ ಗುರ್ ಎಂದಿತು. ಗುರುಶಿದ್ದಪ್ಪ ಧಡಕ್ಕನೆ ಎದ್ದವನೇ ನನ್ನನ್ನು ಗೋಡೆಗೆ ಒಗೆದು ಒಳಗೆ ನುಗ್ಗಿ ಕೈ ಎತ್ತಿದ. ಹೊಡೆಯಲಿಲ್ಲ. ಶಂಕ್ರವ್ವ ಮಿಕ್ಸರ್ ಬಂದ್ ಮಾಡಿ, ಅಟ್ಟದ ಮೇಲಿನ ಟ್ರಂಕು ಇಳಿಸಿ, ಸೀರೆ ತುಂಬತೊಡಗಿದಳು. ಅವನು ಅವಳ ಕಾಲು ಹಿಡಿದುಕೊಂಡ.

"ಕಾಲು ಬಿಡ್ರಿ. ನಲವತ್ತೆಂಟು ದಿನ ಕುಂತು ತೋರಸ್ರಿ. ಈ ಸಲ ನಡುವ ಎದ್ರ ನಾ ಈ ಮನ್ಯಾಗ ಇರಾಂಗಿಲ್ಲ" ಎಂದಳು.

ಟ್ರಂಕು ನಡುಮನೆಯಲ್ಲೇ ಉಳಿಯಿತು. ಅದಕ್ಕೆ ಎದುರಾಗಿ ನನ್ನನ್ನು ಹಾಸಿಕೊಂಡು ಅವನು ಕೂತ. ಅಬ್ಬಾ, ಏನು ಕೂತ ಅಂತೀರಿ! ಸೊಳ್ಳೆ ಕಚ್ಚಿದರೂ ಮಿಸುಕಲಿಲ್ಲ. ಹಾಲಿನವನು ಹಾರ್ನ್ ಹೊಡೆದು ಹೊಡೆದು ಹೋದ. ಪಾಳಿ ಬದಲಿಸಿಕೊಳ್ಳಲು ಡಿಪೋದಲ್ಲಿ ಕೈಮುಗಿದು ಬಂದ. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ತೊಡೆಯ ನಡುಕ ನಿಂತಿತು. ಒಂದು ದಿನ ಶಂಕ್ರವ್ವನ ಕೈ ಜಾರಿ ಬಿಸಿ ಚಹಾ ಅವನ ಮೊಣಕಾಲ ಮೇಲೆ ಬಿತ್ತು. ಅವಳು ಮುಖಕ್ಕೆ ಕೈ ಅಡ್ಡ ಹಿಡಿದಳು. ಅವನು "ಇರ್ಲಿ ಬಿಡ" ಎಂದು ನಕ್ಕ. ಆ ಮೇಲೆ ಅವಳು ಟ್ರಂಕಿನಿಂದ ಎರಡು ಸೀರೆ ತೆಗೆದು ಮತ್ತೆ ಗೂಟಕ್ಕೆ ಹಾಕಿದಳು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನಲವತ್ತಾರನೆಯ ದಿನ. ಅವನು ಕೂತು ಕಾಲು ತಾಸು ಆಗಿತ್ತು.

"ಏನ್ರೀ... ಸ್ವಲ್ಪ ಬರ್ರಿ ಇಲ್ಲಿ" ಎಂದು ಅಡುಗೆಮನೆಯಿಂದ ಶಂಕ್ರವ್ವನ ದನಿ ಬಂತು. ನಾಲಿಗೆ ದಪ್ಪಗಾದ ಹಾಗಿತ್ತು.

ಅವನ ತೊಡೆ ಬಿಗಿಯಿತು. ಏಳುತ್ತಾನೆ ಎಂದುಕೊಂಡೆ.

"ಏನ್ರೀ, ನನಗ ಹೆಂಗೋ ಆಗಾಕತ್ತೈ..."

ಪಾತ್ರೆ ಉರುಳಿದ ಸದ್ದು. ಆಮೇಲೆ ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದು. ಗುರುಶಿದ್ದಪ್ಪ ಎರಡೂ ಅಂಗೈಯನ್ನು ನನ್ನ ಮೇಲೆ ಊರಿದ, ಅರ್ಧ ಎದ್ದ. "ಎದ್ರ ಹೋದ್ಲು... ಎದ್ರ ಹೋದ್ಲು..." ಎಂದು ಪಿಸುಗುಟ್ಟಿ ಮತ್ತೆ ಕೂತ. ಅಯ್ಯೋ ಹುಚ್ಚಪ್ಪ! ನನ್ನಲ್ಲಿದ್ದ ಅಷ್ಟೂ ಕೂದಲಿನಿಂದ ಚುಚ್ಚಿದೆ. ಎರಡು ವರ್ಷ ಚುಚ್ಚಿ ಚುಚ್ಚಿ ಎಬ್ಬಿಸಿದವಳು ನಾನು, ಅವತ್ತು ನನ್ನ ಕೈಲಾಗಲಿಲ್ಲ. ಬರುವ ಉಸಿರು, ಹೋಗುವ ಉಸಿರು ಎಂದು ಹಲ್ಲು ಕಚ್ಚಿ ಉಳಿದ ಕಾಲು ತಾಸು ಕೂತ. ಆಮೇಲೆ ಎದ್ದ, ಗೀಟು ಎಳೆದ, ಒಳಗೆ ಹೋದ. ಅವನು ಕಿರುಚಿದ್ದನ್ನು ಓಣಿಯವರೆಲ್ಲ ಕೇಳಿದರು.

ನನ್ನನ್ನೇ ಅವಳಿಗೆ ಹೊದಿಸಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದ. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು.

"ಎಷ್ಟೊತ್ತಿಗೆ ಬಿದ್ರು?" ಎಂದು ಡಾಕ್ಟರು ಕೇಳಿದರು.

"ಈಗರೀ... ಬಿದ್ದ ಕೂಡ್ಲೆ ತಂದೀನ್ರಿ" ಎಂದ ಗುರುಶಿದ್ದಪ್ಪ.

ಸ್ಟ್ರೆಚರಿನ ಮೇಲೆ ಶಂಕ್ರವ್ವನ ಕಣ್ಣು ತೆರೆದಿದ್ದವು. ಅವನನ್ನೇ ನೋಡುತ್ತಿದ್ದಳು. ಆ ಕಾಲು ತಾಸಿನಿಂದ ಏನು ಕೆಟ್ಟಿತೋ, ಏನೂ ಕೆಡಲಿಲ್ಲವೋ, ಯಾವ ಡಾಕ್ಟರೂ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಈಗ ಮೂರು ವರ್ಷ. ಅವಳನ್ನು ಎತ್ತುವುದು, ತೊಳೆಯುವುದು, ಗಂಜಿ ಕುಡಿಸುವುದು, ಎಲ್ಲಾ ಅವನೇ. ದನಿ ಎತ್ತಿದ್ದು ಯಾರೂ ಕೇಳಿಲ್ಲ. ಹಾವೇರಿಯಿಂದ ಮಗಳು ದಾಕ್ಷಾಯಣಿ ಬಂದಾಗಲೆಲ್ಲ, "ನಮ್ಮಪ್ಪ ಎಷ್ಟ ಶಾಂತ ಆಗ್ಯಾನ ನೋಡ್ರಿ, ಎಲ್ಲಾ ಧ್ಯಾನದಿಂದ" ಎಂದು ನೆರೆಯವರ ಮುಂದೆ ಹೊಗಳುತ್ತಾಳೆ. ಹಾಲಪ್ಪ ಮಾಸ್ತರರು ಹೊಸಬರನ್ನು ಕರೆತಂದು ಅವನನ್ನು ತೋರಿಸುತ್ತಾರೆ. ಅವನು ತಲೆ ತಗ್ಗಿಸುತ್ತಾನೆ. ಎಂಥ ವಿನಯ ಎನ್ನುತ್ತಾರೆ. ಮಂಚದ ಮೇಲಿನ ಎರಡು ಕಣ್ಣಿಗೆ ನಿಜ ಗೊತ್ತಿದೆ. ನನಗೂ ಗೊತ್ತಿದೆ. ಅವಳಿಗೆ ಮಾತು ಹೋಗಿದೆ, ನನಗೆ ಮೊದಲಿಂದ ಇಲ್ಲ.

ನನ್ನ ಅಂಚು ನುಸಿ ತಿಂದಿದೆ, ನಡುವೆ ಸವೆದು ಬೆಳಕು ಕಾಣುತ್ತದೆ. ಚುಚ್ಚುವ ಕೂದಲೆಲ್ಲ ಉದುರಿ ನಾನೂ ಮೆತ್ತಗಾಗಿದ್ದೇನೆ. ದಿನಾ ಐದೂವರೆಗೆ ನನ್ನನ್ನು ಅವಳ ಮಂಚದ ಪಕ್ಕದಲ್ಲಿ ಹಾಸಿಕೊಂಡು ಕೂರುತ್ತಾನೆ. ಒಂದು ದಿನವೂ ತಪ್ಪಿಲ್ಲ.

ಈ ಬೆಳಿಗ್ಗೆ ಕೂತವನು ಕಣ್ಣು ಮುಚ್ಚಲಿಲ್ಲ.

"ಶಂಕ್ರೀ, ಅವತ್ತ ನೀ ಕರದದ್ದು ನನಗ ಕೇಳಿತ್ತು. ಎರಡೂ ಸಲ ಕೇಳಿತ್ತು" ಎಂದ.

ಶಂಕ್ರವ್ವ ಅವನನ್ನು ನೋಡಿದಳು. ಆಮೇಲೆ ನೆಟ್ಟಗಿದ್ದ ಎಡಗೈಯನ್ನು ನಿಧಾನಕ್ಕೆ ಎತ್ತಿದಳು. ಹೊಡೆಯಲಿ ಎಂದು ಅವನು ಕೆನ್ನೆ ಮುಂದೆ ಮಾಡಿದ. ಅವಳು ಆ ಕೈಯಿಂದ ತನ್ನ ಬಾಯಂಚಿನ ಜೊಲ್ಲು ಒರೆಸಿಕೊಂಡಳು. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಅರ್ಧ ತಾಸು ಕಳೆಯಿತು. ಬಿಸಿಲು ಬಂತು. ಅವನು ಇನ್ನೂ ನನ್ನ ಮೇಲೆ ಕೂತೇ ಇದ್ದಾನೆ. ಏಳು ಎಂದು ಯಾರೂ ಕರೆಯುತ್ತಿಲ್ಲ.